ಹಿಮಗಾಡಿಯ ಬ್ಯಾಟರಿ, ಕುವೈತಿನ ಬಿಸಿಲು

ಬೇರೆಯವರಿಗೆ ನಗುವ ಪ್ರಸಂಗ ವರ್ಷಕ್ಕೊಂದೋ ಎರಡೋ ಸಿಗುತ್ತದಂತೆ. ನನಗೆ ಗ್ಯಾರೇಜಿನ ಶಟರ್ ಎತ್ತಿದರೆ ಸಾಕು, ಒಂದು ಒಳಗೆ ಬಂದು ಕೂತಿರುತ್ತದೆ.

ನಾನು ಕಾರ್ಕಳದ ಕಡೆಯವನು. ಕುವೈತಿನ ಫಹಾಹೀಲ್ ಪೇಟೆಯ ಒಂದು ಗ್ಯಾರೇಜಿನಲ್ಲಿ ಹದಿನಾರು ವರ್ಷದಿಂದ ಎಲೆಕ್ಟ್ರಿಷಿಯನ್. ಕಾರು, ಲಾರಿ, ದೋಣಿ, ಮರಳಲ್ಲಿ ಓಡುವ ಬೈಕು, ಬ್ಯಾಟರಿ ಮತ್ತು ವಯರು ಇರುವ ಯಾವುದೂ ನನ್ನ ಕೈಗೆ ಬಂದು ರಿಪೇರಿಯಾಗದೆ ಹಿಂದೆ ಹೋದದ್ದಿಲ್ಲ. ಇದು ಜಂಬ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಜಂಬವೇ ಇರಬಹುದು, ಆದರೆ ಸುಳ್ಳಲ್ಲ.

ಈಗ ಹೇಳುವುದೆಲ್ಲ ಒಂದೇ ಗಾಡಿಯ ಕಥೆ. ಅದು ಸ್ನೋಮೊಬೈಲ್. ಹಿಮದ ಮೇಲೆ ಓಡುವ ಸ್ಕೂಟರು ಅಂತ ಇಟ್ಟುಕೊಳ್ಳಿ. ಮುಂದೆ ಎರಡು ಜಾರುಹಲಗೆ, ಹಿಂದೆ ರಬ್ಬರಿನ ಪಟ್ಟಾ. ಇದರ ಯಜಮಾನರು ಫಿಂಟಾಸಿನಲ್ಲಿರುವ ಒಬ್ಬ ಕುವೈತಿ ಹಿರಿಯರು, ಅಹ್ಮದಿಯ ಎಣ್ಣೆ ಕಂಪನಿಯಿಂದ ರಿಟೈರ್ ಆದವರು. ನಾವು ಅವರನ್ನು ಬಾಬಾ ಅನ್ನುತ್ತೇವೆ. ಪ್ರತಿ ಚಳಿಗಾಲ ಗಾಡಿಯನ್ನು ಲಾರಿಗೆ ಹೇರಿ ದೂರದ ಬೆಟ್ಟದ ದೇಶಕ್ಕೆ ಹೋಗುತ್ತಾರೆ, ಹಿಮ ಕರಗುವಾಗ ವಾಪಸ್ ತರುತ್ತಾರೆ. "ಅಲ್ಲೇ ಬಿಟ್ಟು ಬರಬಹುದಲ್ಲ ಬಾಬಾ?" ಅಂದಿದ್ದೆ. "ನನ್ನ ಕುದುರೆಯನ್ನು ಬೇರೆಯವರ ಲಾಯದಲ್ಲಿ ಕಟ್ಟುತ್ತೇನಾ?" ಅಂದರು. ಖಲಾಸ್, ಮಾತು ಮುಗಿಯಿತು.

ಚಕ್ರ ಕಳೆದುಕೊಂಡ ಗಾಡಿ

ಮೊದಲ ಸಲ ಅದು ಬಂದದ್ದು ರಿಕವರಿ ಲಾರಿಯ ಮೇಲೆ. ನಮ್ಮಲ್ಲಿ ಎಸಿ ಕೆಲಸದ ಒಬ್ಬ ಪಂಜಾಬಿ ಇದ್ದಾನೆ, ಎಲ್ಲರೂ ಭಾಯಿ ಅನ್ನುವುದು. ಭಾಯಿ ಗಾಡಿಗೆ ಒಂದು ಸುತ್ತು ಬಂದು ತಲೆ ಅಲ್ಲಾಡಿಸಿದ. "ಪಾಪ, ಒಂದು ಚಕ್ರವನ್ನೂ ಬಿಟ್ಟಿಲ್ಲ ಕಳ್ಳರು. ಪೊಲೀಸರಿಗೆ ಹೇಳಿದ್ದಾರಾ?"

ಬಾಬಾ ನನ್ನನ್ನು ಕೇಳಿದರು, "ಒಮ್ಮೊಮ್ಮೆ ಸ್ಟಾರ್ಟ್ ಆಗ್ತಿಲ್ಲ. ನಿನಗೆ ಈ ಗಾಡಿ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ ಬಾಬಾ!" ಅಂದೆ. ಅದುವರೆಗೆ ನಾನು ಹಿಮ ನೋಡಿದ್ದು ಐಸ್‌ಕ್ರೀಮ್ ಅಂಗಡಿಯ ಡಬ್ಬಿಯ ಅಂಚಿನಲ್ಲಿ ಮಾತ್ರ.

ಅವರು ಕೀ ಕೊಟ್ಟು ಚಹಾ ಕುಡಿಯಲು ಹೋದರು. ನಾನು ಬ್ಯಾಟರಿ ನೋಡಿದೆ, ಸರಿ ಉಂಟು. ಫ್ಯೂಸು, ರಿಲೇ, ಸ್ಟಾರ್ಟರ್ ಎಲ್ಲ ಸರಿ ಉಂಟು. ಒಂದೊಂದೇ ಕನೆಕ್ಟರ್ ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿದೆ. ಎರಡು ಗಂಟೆ ಆಯಿತು. ಬಟನ್ ಒತ್ತಿದರೆ ಟಕ್ ಅಂತಲೂ ಇಲ್ಲ. ನನ್ನ ಹದಿನಾರು ವರ್ಷದ ಮರ್ಯಾದೆ ಬೆವರಾಗಿ ನೆಲಕ್ಕೆ ಇಳಿಯುತ್ತಿತ್ತು.

ಬಾಬಾ ವಾಪಸ್ ಬಂದರು. ಕಿಸೆಯಿಂದ ಒಂದು ಕೆಂಪು ದಾರ ತೆಗೆದು ಅದರ ತುದಿಯ ಮುಚ್ಚಳವನ್ನು ಹ್ಯಾಂಡಲಿನ ಹತ್ತಿರ ಟಪ್ಪಂತ ಒತ್ತಿದರು. ಓಡಿಸುವವನು ಬಿದ್ದರೆ ಇಂಜಿನ್ ನಿಲ್ಲಲಿ ಅಂತ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ದಾರ ಅದು. ಅದು ಇಲ್ಲದೆ ಗಾಡಿ ಉಸಿರೇ ಬಿಡುವುದಿಲ್ಲ. ಈಗ ಬಟನ್ ಒತ್ತಿದ ಕೂಡಲೇ ಗುರ್ ಅಂತ ಎದ್ದಿತು.

"ಇದಿಲ್ಲದೆ ಎರಡು ಗಂಟೆ ಎಂತ ಮಾಡುತ್ತಿದ್ದೆ?" ಅಂತ ಬಾಬಾ ಕೇಳಿದರು.

ನಾನು ಕೈ ಒರೆಸಿಕೊಂಡು ಹೇಳಿದೆ, "ದಾರ ಬಿಟ್ಟು ಬಾಕಿ ಎಲ್ಲ ಸರಿ ಉಂಟು ಅಂತ ಗ್ಯಾರಂಟಿ ಮಾಡುತ್ತಿದ್ದೆ ಬಾಬಾ."

ಯಾವ ಕಂಪನಿ ಮೊಬೈಲು?

ಕುವೈತಿನ ಬಿಸಿಲಿಗೆ ಬ್ಯಾಟರಿ ಬಾಳುವುದು ಕಡಿಮೆ. ಚಳಿ ಬ್ಯಾಟರಿಯನ್ನು ಮಲಗಿಸುತ್ತದೆ, ಬಿಸಿಲು ಕೊಂದೇ ಬಿಡುತ್ತದೆ. ಹಾಗಾಗಿ ಒಂದು ಸಲ ಹೊಸ ಬ್ಯಾಟರಿ ಬೇಕಾಯಿತು. ಪೇಟೆಗೆ ಹೊರಟಿದ್ದ ಭಾಯಿಯ ಕೈಯಲ್ಲಿ ಚೀಟಿ ಕೊಟ್ಟೆ: 'ಸ್ನೋ ಮೊಬೈಲ್ ಬ್ಯಾಟರಿ, ಹದಿನೆಂಟು ಆಂಪಿಯರ್'.

ಅರ್ಧ ಗಂಟೆಯಲ್ಲಿ ಯಾರೋ ಮಲಯಾಳಿ ಅಂಗಡಿಯವ ಫೋನ್ ಮಾಡಿದ. "ಅಣ್ಣಾ, ಈ ಸ್ನೋ ಅಂತ ಹೊಸ ಕಂಪನಿಯಾ? ಚೈನಾದ್ದಾ?"

ಭಾಯಿ ಚೀಟಿ ಹಿಡಿದುಕೊಂಡು ಸೀದಾ ಮೊಬೈಲ್ ಅಂಗಡಿಗೆ ಹೋಗಿದ್ದ.

ನಾನು ಬಾಯಿ ಬಿಡುವ ಮೊದಲೇ ಅಂಗಡಿಯವ ಮತ್ತೆ ಕೇಳಿದ, "ಹದಿನೆಂಟು ಆಂಪಿಯರ್ ಅಂದರೆ ಹದಿನೆಂಟು ಸಾವಿರ ಮಿಲಿಆಂಪಿಯರ್! ಇಷ್ಟು ದೊಡ್ಡ ಬ್ಯಾಟರಿ ಯಾವ ಫೋನಿಗೂ ಇಲ್ಲ. ಫೋನು ಎಷ್ಟು ತೂಕ ಉಂಟು?"

"ಇನ್ನೂರೈವತ್ತು ಕಿಲೋ," ಅಂದೆ.

ಅಂಗಡಿಯವ ಬಹಳ ವಿನಯದಿಂದ ಕೇಳಿದ, "ಕವರ್ ಹಾಕಿದ ಮೇಲಾ, ಹಾಕುವ ಮೊದಲಾ?"

ಬಿಸಿ ಹ್ಯಾಂಡಲು

ಹಿಮದಲ್ಲಿ ಕೈ ಮರಗಟ್ಟಬಾರದು ಅಂತ ಈ ಗಾಡಿಯ ಹ್ಯಾಂಡಲಿನೊಳಗೆ ಹೀಟರ್ ಇರುತ್ತದೆ. ಗಾಡಿ ಸರ್ವೀಸಿಗೆ ನಮ್ಮಲ್ಲಿದ್ದಾಗ, ಜುಲೈ ತಿಂಗಳ ಒಂದು ಮಧ್ಯಾಹ್ನ ಬಾಬಾ ಫೋನ್ ಮಾಡಿ, "ಹೀಟರ್ ಸರಿ ಉಂಟಾ ನೋಡು" ಅಂದರು. ಹೊರಗೆ ಐವತ್ತು ಡಿಗ್ರಿ. ಗ್ಯಾರೇಜಿನ ಫ್ಯಾನ್ ತಿರುಗಿಸುತ್ತಿದ್ದದ್ದು ಗಾಳಿಯನ್ನಲ್ಲ, ಒಲೆಯ ಉರಿಯನ್ನು.

ನಾನು ಭಾಯಿಯನ್ನು ಕರೆದೆ. "ಹ್ಯಾಂಡಲ್ ಹಿಡಿ, ಬಿಸಿ ಆದ ಕೂಡಲೇ ಹೇಳು."

ಅವನು ಹಿಡಿದವನೇ ಕೈ ಕೊಡವಿ ಕೂಗಿದ, "ಆಯಿತು! ಫಸ್ಟ್‌ಕ್ಲಾಸ್ ಕೆಲಸ ಮಾಡ್ತಾ ಉಂಟು!"

"ಮಾರಾಯ, ನಾನಿನ್ನೂ ಸ್ವಿಚ್ ಹಾಕಲಿಲ್ಲ!"

ಕೊನೆಗೆ ಮೀಟರ್ ಇಟ್ಟೇ ನೋಡಿದೆ. ತಂತಿ ಸರಿ ಇತ್ತು, ಕರೆಂಟೂ ಹೋಗುತ್ತಿತ್ತು. ಅಷ್ಟರಲ್ಲಿ ಬಾಬಾರ ಫೋನು. "ಹೀಟರ್ ಹೇಗುಂಟು?"

"ಬಹಳ ಒಳ್ಳೆಯದು ಬಾಬಾ," ಅಂದೆ. "ಆಫ್ ಮಾಡಿದರೂ ನಿಲ್ಲುವುದಿಲ್ಲ."

ಹನ್ನೆರಡು ಪಾಯಿಂಟ್ ಏಳು

ಆ ಬೇಸಿಗೆ ಬ್ಯಾಟರಿಯನ್ನು ಗಾಡಿಯಿಂದ ಬಿಚ್ಚಿ ತಂಪಿನಲ್ಲಿ ಇಡಿ ಅಂತ ನಾನೇ ಹೇಳಿದೆ. ಬಾಬಾರ ಮನೆಯಲ್ಲಿ ಎಸಿ ಸದಾ ಓಡುವುದು ದಿವಾನಿಯಾದಲ್ಲಿ, ಅಂದರೆ ಗಂಡಸರು ಸಂಜೆ ಕೂತು ಹರಟುವ ದೊಡ್ಡ ಕೋಣೆಯಲ್ಲಿ. ಅಲ್ಲಿ ಸೋಫಾದ ಹಿಂದೆ ಹಲಗೆಯ ಮೇಲೆ ಬ್ಯಾಟರಿ ಇಟ್ಟು, ನಿಧಾನವಾಗಿ ತುಂಬಿಸುವ ಸಣ್ಣ ಚಾರ್ಜರ್ ಸಿಕ್ಕಿಸಿದೆ. ಕೆಲಸ ಮುಗಿಯಿತು ಅಂದುಕೊಂಡರೆ, ಬಂದ ನೆಂಟರೆಲ್ಲ ಅದರ ಪ್ಲಗ್ ಕಿತ್ತು ತಮ್ಮ ಫೋನ್ ಚಾರ್ಜಿಗೆ ಹಾಕುತ್ತಿದ್ದರು.

ಒಂದು ಸಂಜೆ ನೋಡಲು ಹೋದೆ. ಪ್ಲಗ್ ಮತ್ತೆ ಹೊರಗೆ! ಸೋಫಾದ ಹಿಂದೆ ಕೂತು ಮೀಟರ್ ಇಟ್ಟು ವೋಲ್ಟು ನೋಡಿದೆ, ಚಾರ್ಜು ಅರ್ಧ ಖಾಲಿ. ಕೂಗಿದೆ, "ಬಾಬಾ, ಹನ್ನೆರಡು ಪಾಯಿಂಟ್ ಎರಡು!"

ಆಗಷ್ಟೇ ಒಳಗೆ ಬಂದಿದ್ದ ಒಬ್ಬ ಅಜ್ಜ, ಬಾಬಾರ ದಾಯಾದಿ, ಗಾಬರಿಯಾದರು. "ಯಾರಿಗೆ ಹನ್ನೆರಡು? ನನಗೆ ಹತ್ತಾದಾಗಲೇ ಡಾಕ್ಟರು ಬೈದಿದ್ದರು." ಇಲ್ಲಿ ಸಕ್ಕರೆ ಕಾಯಿಲೆಯ ಲೆಕ್ಕ ನಮ್ಮೂರಿನ ಹಾಗೆ ನೂರು, ಇನ್ನೂರು ಅಲ್ಲ, ಆರು, ಹತ್ತು, ಹನ್ನೆರಡು ಅಂತಲೇ ಹೇಳುವುದು.

ಬಾಬಾ ಬೇಜಾರಿನಲ್ಲಿ ಹೇಳಿದರು, "ಇಲ್ಲೇ ಮೂಲೆಯಲ್ಲಿ ಇಟ್ಟಿದ್ದೇನೆ. ಬಂದವರೆಲ್ಲ ವಯರು ಕಿತ್ತು ಹಾಕುತ್ತಾರೆ."

"ಮೂಲೆಯಲ್ಲಾ? ವಯರು ಕಿತ್ತಾ?" ಅಜ್ಜ ಎದೆಗೆ ಕೈ ಇಟ್ಟುಕೊಂಡರು. "ಮೊದಲು ಖರ್ಜೂರ ನಿಲ್ಲಿಸು ಅವನಿಗೆ!" ಅನ್ನುತ್ತಾ ಅವಸರದಿಂದ ಹೊರಟೇ ಹೋದರು.

ಮರುದಿನ ಸಂಜೆ ನಾನು ಹೋದಾಗ ಅಜ್ಜರೂ ಹಾಜರು. ರೋಗಿಗೆ ಅಂತ ತಮ್ಮ ಡಾಕ್ಟರರ ಕಾರ್ಡ್ ತಂದಿದ್ದರು. ನಾನು ಸೋಫಾದ ಹಿಂದಿನಿಂದ ಕೂಗಿದೆ, "ಬಾಬಾ, ಹನ್ನೆರಡು ಪಾಯಿಂಟ್ ಏಳು! ಫುಲ್!"

ಬಾಬಾ ಎರಡೂ ಕೈ ಎತ್ತಿದರು. "ಅಲ್‌ಹಮ್ದುಲಿಲ್ಲಾ!"

ಅಜ್ಜ ಕಾರ್ಡನ್ನು ಮೇಜಿನ ಮೇಲೆ ಇಟ್ಟು ಎದ್ದು ನಿಂತರು. "ಈ ಡಾಕ್ಟರನ್ನು ಮೊದಲು ನೀನು ನೋಡು," ಅಂದರು.

ನನ್ನ ಅಪ್ಪ

ನನ್ನ ಮಗಳು ಇಲ್ಲಿಯ ಇಂಡಿಯನ್ ಶಾಲೆಯಲ್ಲಿ ಮೂರನೇ ಕ್ಲಾಸು. ಕನ್ನಡ ಎಲ್ಲ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನವೆಂಬರಿನಲ್ಲಿ ಒಂದು ದಿನ ಶಾಲೆಯಿಂದ ಅತ್ತುಕೊಂಡು ಬಂದಳು.

"ಎಂತಾಯ್ತು ಮಗಾ?"

"ಮಿಸ್ ಸೆಡ್ ಐ ಆಮ್ ಲೈಯಿಂಗ್, ಪಪ್ಪಾ."

'ನನ್ನ ಅಪ್ಪ' ಅಂತ ಪ್ರಬಂಧ ಬರೆಯಲು ಹೇಳಿದ್ದರಂತೆ. ಇವಳು ಬರೆದದ್ದು: ನನ್ನ ಅಪ್ಪ ಕುವೈತಿನಲ್ಲಿ ಹಿಮದ ಗಾಡಿ ರಿಪೇರಿ ಮಾಡುತ್ತಾರೆ. ಟೀಚರು ಕೆಂಪು ಪೆನ್ನಿನಲ್ಲಿ ಗೀಟು ಎಳೆದು 'ನಿಜ ಬರೆ' ಅಂದಿದ್ದರು. ಇಡೀ ಕ್ಲಾಸು ನಕ್ಕಿತ್ತು.

ನನ್ನನ್ನು ಬೈದರೆ ಸಹಿಸುತ್ತೇನೆ, ಮಗಳು ಸುಳ್ಳಿ ಆಗುವುದು ಬೇಡ. ಮರುದಿನವೇ ಶಾಲೆಗೆ ಹೋದೆ. ಟೀಚರು ಪುತ್ತೂರು ಕಡೆಯವರು, ಒಳ್ಳೆಯ ಹೆಂಗಸು.

"ಮೇಡಂ, ಅವಳು ಬರೆದದ್ದು ಸತ್ಯವೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ಗೊತ್ತಾಯ್ತು ಬಿಡಿ, ಅವಳಿಗೆ ಈ ಅಭ್ಯಾಸ ಎಲ್ಲಿಂದ ಬಂತು ಅಂತ."

ಬಾಬಾರಿಗೆ ವಿಷಯ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. "ನನ್ನ ಗಾಡಿ ಇಲ್ಲ ಅಂದರಾ? ಯಲ್ಲಾ, ನಡಿ!" ಪ್ರಿನ್ಸಿಪಾಲರ ಒಪ್ಪಿಗೆ ತೆಗೆದುಕೊಂಡು ಗುರುವಾರ ಬೆಳಿಗ್ಗೆ ಲಾರಿಯಲ್ಲಿ ಸ್ನೋಮೊಬೈಲು ಶಾಲೆಯ ಅಂಗಳಕ್ಕೆ ಇಳಿಯಿತು. ಬಾಬಾ ಹಿಮದ ಜಾಕೆಟ್ಟು, ಬೂಟು, ಗ್ಲೌಸು ಎಲ್ಲ ಹಾಕಿಕೊಂಡು ಬಂದಿದ್ದರು. ಮುಖ ಟೊಮೆಟೊ ಆಗಿತ್ತು, ಆದರೆ ಜಿಪ್ ಇಳಿಸಲು ಒಪ್ಪಲಿಲ್ಲ.

ಮೂರು ಕ್ಲಾಸುಗಳ ಮಕ್ಕಳು ಸಾಲಾಗಿ ಕೂತಿದ್ದರು. ಮಗಳು ಮುಂದಿನ ಸಾಲಿನಲ್ಲಿ, ಎರಡೂ ಕೈ ಬಿಗಿಯಾಗಿ ಕಟ್ಟಿಕೊಂಡು. ನಾನು ಮರೆಯದೆ ಕೆಂಪು ದಾರ ಸಿಕ್ಕಿಸಿ ಬಟನ್ ಒತ್ತಿದೆ.

ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಗಾಡಿಯ ಮೀಟರಿನ ದೀಪ ಒಮ್ಮೆ ಮಿಣುಕಿ ಆರಿತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರು ಕೆಮ್ಮಿದರು. ಮಗಳು ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಮಿಣುಕಿ ಆರಿದೆ ಅಂದರೆ ಬ್ಯಾಟರಿ ಸತ್ತಿಲ್ಲ, ಎಲ್ಲೋ ಹಿಡಿತ ತಪ್ಪಿದೆ. ಮುಚ್ಚಳ ತೆಗೆದು ಬ್ಯಾಟರಿಯ ತಂತಿ ಅಲ್ಲಾಡಿಸಿದೆ. ಲಾರಿಯ ಕುಲುಕಾಟಕ್ಕೆ ನೆಗೆಟಿವ್ ಕಡೆಯ ಬೋಲ್ಟು ಸಡಿಲವಾಗಿತ್ತು. ಹತ್ತರ ಸ್ಪ್ಯಾನರಿನಲ್ಲಿ ಎರಡು ತಿರುವು ಬಿಗಿ ಮಾಡಿ ಮಗಳನ್ನು ಕರೆದೆ. "ಬಾ, ನೀನೇ ಒತ್ತು."

ಒತ್ತಿದಳು. ಗುರ್ ಅಂತ ಅಂಗಳವೇ ನಡುಗಿತು. ಸೈಲೆನ್ಸರಿನ ನೀಲಿ ಹೊಗೆ ಟೀಚರನ್ನೂ ಪ್ರಿನ್ಸಿಪಾಲರನ್ನೂ ಒಟ್ಟಿಗೆ ಮುಚ್ಚಿತು. ಮಕ್ಕಳು ಕಿರುಚಿ ಕುಣಿದರು. ಈ ಇಂಜಿನ್ ತಣ್ಣಗಾಗುವುದೇ ಹಿಮದಿಂದ, ಹಾಗಾಗಿ ಒಂದೇ ನಿಮಿಷದಲ್ಲಿ ಆಫ್ ಮಾಡಿಸಿದೆ. ಆ ಒಂದು ನಿಮಿಷ ಸಾಕಿತ್ತು.

ಹೊಗೆ ಹೋದ ಮೇಲೆ ಟೀಚರು ಬಂದು ಮಗಳ ಎದುರು ಬಗ್ಗಿ ಕೂತರು. "ಸಾರಿ ಪುಟ್ಟಾ. ನೀನು ಬರೆದದ್ದು ಅಕ್ಷರಕ್ಷರವೂ ನಿಜ. ಇನ್ನು ಮೇಲೆ ನೀನು ಎಂತ ಬರೆದರೂ ನಂಬುತ್ತೇನೆ." ಆಮೇಲೆ ಪ್ರೀತಿಯಿಂದ ಕೆನ್ನೆ ಸವರಿ ಕೇಳಿದರು, "ಅಮ್ಮ ಎಂತ ಕೆಲಸ ಮಾಡುವುದು?"

"ಶಿ ಈಸ್ ಎ ನರ್ಸ್, ಮಿಸ್. ಇನ್ ಎ ಹಾಸ್ಪಿಟಲ್."

ಟೀಚರು ಒಮ್ಮೆ ಸ್ನೋಮೊಬೈಲಿನ ಕಡೆ, ಒಮ್ಮೆ ಜಾಕೆಟ್ಟಿನೊಳಗೆ ಬೇಯುತ್ತಿದ್ದ ಬಾಬಾರ ಕಡೆ ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದರು:

"ಮನುಷ್ಯರ ಆಸ್ಪತ್ರೆಯೇ ಅಲ್ವಾ? ಹಿಮಕರಡಿಯದ್ದಲ್ಲ ತಾನೆ?"