ಉಪ್ಪಿನಕಾಯಿ ಬರಣಿಯ ಮೀನುಗಳು

ಆಳಂದದ ಹೈಸ್ಕೂಲ್ ಗುಮಾಸ್ತ ಜಗದೇವನಿಗೆ ಬಂದಿದ್ದ ಸಂಕಟದ ಉದ್ದ ಬರೀ ಎರಡಂಗುಲ. ಅಂಥವು ಎರಡಿದ್ದವು. ಫ್ರಿಜ್ಜಿನ ಮೇಲೆ, ಗಾಜಿನ ಬರಣಿಯೊಳಗೆ ಸುಮ್ಮನೆ ಸುತ್ತುತ್ತಿದ್ದವು.

ದೀಪಾವಳಿಗೆ ಕಲಬುರಗಿಯ ಬುರಾನುದ್ದೀನನ ಅಂಗಡಿಯಿಂದ ಒಂದೇ ಅಳತೆಯ ನಾಲ್ಕು ಬಂಗಾರ ಬಣ್ಣದ ಮೀನು ತಂದಿದ್ದರು. ಎರಡು ಜಗದೇವನಿಗೆ, ಎರಡು ಅವನ ಹೆಂಡತಿ ದ್ರೌಪದಿಯ ತಮ್ಮ, ನೆಲೋಗಿಯ ಹಣಮಂತ್ರಾಯನಿಗೆ. ಹಣಮಂತ್ರಾಯ ತನ್ನ ಮೀನುಗಳನ್ನು ದನ ನೀರು ಕುಡಿಯುವ ತೊಟ್ಟಿಯಲ್ಲಿ ಬಿಟ್ಟನೆಂದು ಕೇಳಿ ಜಗದೇವ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ಉಮೇದಿನಲ್ಲೇ ಫೋನಿನಲ್ಲಿ ಪಂದ್ಯವನ್ನೂ ಕಟ್ಟಿಬಿಟ್ಟ. ನಾಗರಪಂಚಮಿಯ ಹೊತ್ತಿಗೆ ತನ್ನ ಮೀನು ದೊಡ್ಡವಾಗಿದ್ದರೆ ದ್ರೌಪದಿ ಈ ಸಲ ತವರಿಗೆ ಹೋಗುವಂತಿಲ್ಲ. ಹಣಮಂತ್ರಾಯನವು ದೊಡ್ಡವಾಗಿದ್ದರೆ, ಅವಳು ಬೇಕಾದಷ್ಟು ದಿನ ಹೋಗಬಹುದು. (ಹೋದ ವರ್ಷ ಅವಳು ಎಂಟು ದಿನ ಹೋಗಿದ್ದಾಗ ಜಗದೇವ ಸ್ವತಃ ತಟ್ಟಿದ ರೊಟ್ಟಿಯನ್ನು ಎದುರು ಮನೆಯ ನಾಯಿ ಮೂಸಿ, ಅವನ ಮುಖವನ್ನೊಮ್ಮೆ ನೋಡಿ, ಹೊರಟುಹೋಗಿತ್ತು.)

ಶ್ರಾವಣ ಬಂತು. ಮೀನುಗಳು ಇದ್ದಷ್ಟೇ ಇದ್ದವು. ಜಗದೇವ ಬುರಾನುದ್ದೀನನಿಗೆ ಫೋನು ಹಚ್ಚಿದ.

"ಸಾಹೇಬ್ರ, ನಿಮ್ಮ ಮೀನಿನ ತಳೀನೇ ಗಿಡ್ಡ ಅದ ಏನ್ರಿ?"

"ಎಷ್ಟು ದೊಡ್ಡ ಟಾಕಿನಾಗ ಇಟ್ಟೀರಿ?"

"ಟಾಕಿ ಯಾಕ್ರಿ? ಐದು ಕಿಲೋ ಉಪ್ಪಿನಕಾಯಿ ಹಿಡಿಯೋ ಬರಣಿ ಅದ."

"ನೀರು ಯಾವಾಗಿಂದು?"

"ದೀಪಾವಳಿದು. ನಳ ಐದು ದಿನಕ್ಕೊಮ್ಮೆ ಬರ್ತದ್ರಿ, ಚೆಲ್ಲಾಕ ಮನಸ್ಸು ಬರಂಗಿಲ್ಲ. ಕಮ್ಮಿ ಆದಷ್ಟು ಹಾಕ್ತೇವಿ."

"ತಿನ್ನಾಕ?"

"ಜ್ವಾಳದ ರೊಟ್ಟಿ ಚೂರು. ಸೋಮವಾರ ಒಪ್ಪತ್ತು."



"ಜೀವದಿಂದ ಅವ ಅಲ್ರಿ, ಅದೇ ಮೆಹರಬಾನಿ," ಎಂದ ಬುರಾನುದ್ದೀನ. "ಜಾಗಾ ಸಣ್ಣದು, ನೀರು ಹಳೀದು, ತಿನ್ನೋದು ದಿನಾ ಅದೇ. ಹ್ಯಾಂಗ ಬೆಳೀತಾವ? ದೊಡ್ಡ ಟಾಕಿ ತರ್ರಿ, ನೀರು ಬದಲಿ ಮಾಡ್ರಿ, ಮೀನಿನ ಕಾಳು ಹಾಕ್ರಿ."

ದೊಡ್ಡ ಟಾಕಿ ಇಡಲು ಮನೆಯಲ್ಲಿ ಜಾಗವಿರಲಿಲ್ಲ. ನೀರು ನಳದಲ್ಲಿರಲಿಲ್ಲ. ಉಳಿದದ್ದು ಕಾಳು. ಅದನ್ನು ತಂದ. ದ್ರೌಪದಿ ಪೊಟ್ಟಣ ಮೂಸಿ ನೋಡಿ ಮಾರುದೂರ ಹಿಡಿದಳು.

"ಇದ್ರಾಗ ಒಣ ಮೀನಿನ ಪುಡಿ ಅದ!"

"ಅದು ಅವಕ್ಕಲ್ಲೇನ ಬೇ, ನಮಗಲ್ಲ."

"ನಮ್ಮನ್ಯಾಗ ಇದ್ದಷ್ಟು ದಿನ ಅವು ನಮ್ಮಂಗ ಇರಬೇಕು."

ಪೊಟ್ಟಣ ಹೊರಗೆ ಹೋಯಿತು. ಮೀನುಗಳು ಶಾಕಾಹಾರದಲ್ಲಿ ಮುಂದುವರಿದವು.

ಕಡೆಗೆ ಜಗದೇವನ ಕೈ ಹಿಡಿದದ್ದು ಬರಣಿಯ ಹೊಟ್ಟೆಯೇ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದರೆ ದುಂಡು ಗಾಜಿನೊಳಗೆ ಎರಡಂಗುಲದ ಮೀನು ಐದಂಗುಲವಾಗಿ ಕಾಣುತ್ತಿತ್ತು! ಪಂಚಮಿಯ ಹಿಂದಿನ ದಿನ ಅಕ್ಕನನ್ನು ಕರೆಯಲು ಬಂದ ಹಣಮಂತ್ರಾಯನನ್ನು ಅವನು ಅದೇ ಕುರ್ಚಿಗೆ ಸಕಲ ಮರ್ಯಾದೆಯಿಂದ ನಡೆಸಿಕೊಂಡು ಹೋದ.

ಹಣಮಂತ್ರಾಯ ಕೂಡಲಿಲ್ಲ. ಬರಣಿಯನ್ನು ಕೆಳಗಿಳಿಸಿ, ಮುಚ್ಚಳ ತೆಗೆದು ಮೇಲಿನಿಂದ ಬಗ್ಗಿ ನೋಡಿದ.

"ಮಾಮಾ, ಇವು ಮರಿ ಏನ್ರಿ? ತಾಯಿ ಎಲ್ಲಿ ಅದ?"

ಮೊಬೈಲು ತೆಗೆದು ತನ್ನ ಮೀನಿನ ಫೋಟೊ ತೋರಿಸಿದ. ಅದು ಅವನ ಅಂಗೈ ತುಂಬ ಇತ್ತು. ಪಂದ್ಯ ಹೋದರೂ ಮಾನ ಉಳಿಯಲೆಂದು ಜಗದೇವ ಬುರಾನುದ್ದೀನನ ಪಾಠವನ್ನು ಒಪ್ಪಿಸತೊಡಗಿದ.

"ನಂದೇನು ತಪ್ಪೋ ಇದ್ರಾಗ? ಜಾಗಾ ಸಣ್ಣದು, ನೀರು ಹಳೀದು, ತಿನ್ನೋದು ದಿನಾ ಅದೇ. ಹಿಂಗಿಟ್ರ ಯಾರ ಬೆಳೀತಾರ ಹೇಳು?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ದ್ರೌಪದಿ ಗಂಡನನ್ನು ನೋಡಿದಳು. ಮನೆಗಿದ್ದ ಎರಡೇ ಖೋಲಿಗಳನ್ನೂ ಒಮ್ಮೆ ನೋಡಿದಳು.

"ಖರೆ ಅಂದ್ರಿ," ಎಂದಳು. "ಹತ್ತೊಂಬತ್ತು ವರ್ಷದಾಗ ಇದೊಂದು ಮಾತು ಬರೋಬರ್ ಅಂದ್ರಿ. ತಮ್ಮಾ, ಎಂಟು ದಿನಕ್ಕಂತ ಬಟ್ಟಿ ತುಂಬಿದ್ದೆ. ತಡಿ, ಇನ್ನೊಂದು ಚೀಲ ತರ್ತೇನಿ."

ಮೀನುಗಳನ್ನು ಅವಳೇ ಹಾಲಿನ ಕ್ಯಾನಿಗೆ ಇಳಿಸಿಕೊಂಡಳು. ಜಗದೇವ ಬಸ್ಸಿನ ಕಿಟಕಿ ಹಿಡಿದುಕೊಂಡು ಕೇಳಿದ, "ಯಾವಾಗ ಬರ್ತಿ?"

"ಇವು ಅಂಗೈಯಷ್ಟು ಆಗಲಿ, ಬರ್ತೇನಿ."

ಬಸ್ಸು ಹೋದ ಮೇಲೆ ಅವನು ಅಲ್ಲೇ ನಿಂತು ಬುರಾನುದ್ದೀನನಿಗೆ ಫೋನು ಮಾಡಿದ. ತೊಟ್ಟಿಗೆ ಬಿಟ್ಟರೆ ಎಷ್ಟು ದಿನದಲ್ಲಿ ಬೆಳೆಯುತ್ತವೆ ಎಂದು ಕೇಳಿದ.

"ವರ್ಷ ಹಿಡೀತದ್ರಿ," ಎಂದ ಬುರಾನುದ್ದೀನ. "ಮತ್ತ ಸಣ್ಣ ಜಾಗಾದಾಗ ಗಿಡ್ಡ ಆದವು ಕೆಲವು ಪೂರಾ ಬೆಳೆಯಂಗೇ ಇಲ್ಲ."

ಜಗದೇವ ಮನೆಗೆ ಬಂದು, ಹಿಟ್ಟಿನ ಡಬ್ಬಿ ಯಾವುದೆಂದು ಹುಡುಕತೊಡಗಿದ.