ಗಿಣಿ ಒಪ್ಪಿಸಲು ಹೋದ ಹಾಲಸ್ವಾಮಿ

ಹಾಲಸ್ವಾಮಿಗೆ ಇದ್ದದ್ದು ಒಂದೇ ಚಟ, ಹಗಲುಗನಸು. ಭದ್ರಾವತಿಯ ನ್ಯೂ ಟೌನಿನ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕಣ್ಣು ಅರೆಮುಚ್ಚಿದರೆ ಸಾಕು, ಗಾಳಿಗೆ ಸಿಕ್ಕ ಹತ್ತಿಯಂತೆ ತೇಲತೊಡಗುತ್ತಿದ್ದರು. ಬಾವಮೈದ ದೆಹಲಿಗೆ ವರ್ಗವಾಗಿ ಹೋಗುವಾಗ ತನ್ನ ಆಫ್ರಿಕಾದ ಬೂದು ಗಿಣಿಯನ್ನು ಇಲ್ಲಿ ಬಿಟ್ಟುಹೋದದ್ದೇ ತಡ, ಆ ಸುಖಕ್ಕೆ ಕಲ್ಲು ಬಿತ್ತು. ಗಿಣಿ ಅವರ ಹೆಂಡತಿ ಉಮಾಮಹೇಶ್ವರಿಯ ದನಿಯನ್ನು ಅಚ್ಚು ಹೊಡೆದಂತೆ ಕಲಿತುಬಿಟ್ಟಿತು. ಇವರು ತೇಲುವ ಹೊತ್ತಿಗೆ ಸರಿಯಾಗಿ, "ರೀ, ಹಾಲು ಉಕ್ತಿದೆ!" ಎಂದು ಕೂಗುತ್ತಿತ್ತು. ಓಡಿಹೋಗಿ ನೋಡಿದರೆ ಒಲೆಯೇ ಹಚ್ಚಿರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವೆಂಕಟಾಚಲ ಪೇಪರ್ ಹಿಡಿದುಕೊಂಡು ಬಂದರು.

"ಹಾಲಸ್ವಾಮಿ, ಇದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ಪಕ್ಷಿ ಕಣ್ರೀ! ನಮ್ಮ ದೇಶನೂ ಅದಕ್ಕೆ ಸಹಿ ಹಾಕಿದೆ. ಈಗ ಇಲ್ಲೂ ಕಾನೂನು ಬಂದಿದೆ. ಇಂಥದ್ದು ಸಾಕಿರೋರು ಅರಣ್ಯ ಇಲಾಖೆಗೆ ತಿಳಿಸ್ಲೇಬೇಕಂತೆ."

"ತಿಳಿಸಿದ್ರೆ ಏನ್ಮಾಡ್ತಾರೆ?"

"ಹಿಡ್ಕೊಂಡು ಹೋಗ್ತಾರೇನೋ ಪಾಪ," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಇವತ್ತೇ ಹೋಗಿಬನ್ನಿ. ಅಲ್ಲಿ ಏನಾಯ್ತು ಅಂತ ನಂಗೊಂದು ಫೋನ್ ಮಾಡಿ, ಮರೀಬೇಡಿ."

ಹಾಲಸ್ವಾಮಿಯ ಕಣ್ಣ ಮುಂದೆ ಗಿಣಿಯಿಲ್ಲದ ಭಾನುವಾರದ ಮಧ್ಯಾಹ್ನಗಳು ಸಾಲುಗಟ್ಟಿ ನಿಂತವು. ಯಾವ ದೇಶದಲ್ಲೋ ಕೂತು ಆ ಒಪ್ಪಂದ ಬರೆದ ಮಹನೀಯರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದು, ಆಫೀಸಿಗೆ ರಜೆ ಹಾಕಿ, ಪಂಜರಕ್ಕೆ ಬಟ್ಟೆ ಹೊದಿಸಿ ಶಿವಮೊಗ್ಗದ ಬಸ್ಸು ಹತ್ತಿದರು.

ಬಸ್ಸಿನ ಕುಲುಕಾಟಕ್ಕೆ ಕಣ್ಣು ಮುಚ್ಚಿಬಂತು. ಬಟ್ಟೆಯೊಳಗಿನಿಂದ, "ರೀ, ಸ್ವಲ್ಪ ಸರ್ಕೊಳ್ರೀ!" ಎಂದು ಹೆಣ್ಣುದನಿ ಕೇಳಿದ್ದೇ ಪಕ್ಕದ ಸೀಟಿನವರು ಗಾಬರಿಯಾಗಿ ಎದ್ದುನಿಂತರು. ಅಲ್ಲಿಗೇ ಮುಗಿಯಲಿಲ್ಲ. ತುಂಗಾ ಸೇತುವೆ ಹತ್ತಿರದ ಸ್ಟಾಪಿನಲ್ಲಿ ಕಂಡಕ್ಟರ್ ಕೆಳಗಿಳಿದು ಯಾರದೋ ಮೂಟೆ ಇಳಿಸುತ್ತಿದ್ದಾಗ ಪಂಜರದಿಂದ "ಪೀಂ ಪೀಂ! ರೈಟ್!" ಎಂದು ಖಡಕ್ಕಾಗಿ ಸೀಟಿ ಹೊರಟಿತು. ಡ್ರೈವರ್ ಗೇರು ಹಾಕಿದ. ಕಂಡಕ್ಟರ್ ಹಿಂದಿನಿಂದ ಬೊಬ್ಬೆ ಹೊಡೆಯುತ್ತ, ಮದುವೆ ದಿಬ್ಬಣದ ಬಸ್ಸು ತಪ್ಪಿದ ಗಂಡಿನಂತೆ ಓಡಿಬಂದ.

"ಯಾರ್ರೀ ಸೀಟಿ ಊದಿದ್ದು?"

ಬಸ್ಸಿಗೆ ಬಸ್ಸೇ ಪಂಜರದ ಕಡೆ ಕೈ ತೋರಿಸಿತು.

"ಇಳೀರಿ ಮಾರಾಯ್ರೆ! ನನ್ನ ಕೆಲ್ಸಕ್ಕೇ ಸಂಚಕಾರ ತರ್ತೀರಲ್ಲ!"

ಇಳಿದ ಹಾಲಸ್ವಾಮಿ ಸೇತುವೆಯ ಮೇಲೆ ನಿಂತು ಪಂಜರದ ಬಟ್ಟೆ ಸರಿಸಿದರು. ಕೆಳಗೆ ತುಂಗೆ ನಿದ್ದೆಗಣ್ಣಲ್ಲಿ ನಡೆದಂತೆ ಹರಿಯುತ್ತಿತ್ತು. ನೀರಿನ ಮೇಲೆ ಬಿಸಿಲು ತೂಗಾಡುತ್ತಿತ್ತು. ಗಿಣಿ ಕೂಡ ಮಾತು ಮರೆತು, ಕತ್ತು ಓರೆ ಮಾಡಿ ಅದನ್ನೇ ನೋಡುತ್ತ ಕೂತಿತು. ಇದಕ್ಕೂ ಎಲ್ಲೋ ದೂರದ ಕಾಡಿನ ಕನಸು ಬೀಳುತ್ತಿರಬಹುದೇ ಎನ್ನಿಸಿ ಹಾಲಸ್ವಾಮಿಗೆ ಮೊದಲ ಸಲ ಕರುಳು ಚುರ್ರೆಂದಿತು. ಇಬ್ಬರೂ ಎಷ್ಟೋ ಹೊತ್ತು ಹಾಗೇ ನಿಂತರು. ಹೋಗುವ ಆಟೋಗಳ ಸದ್ದು ಕೂಡ ಯಾವುದೋ ಬೇರೆ ಊರಿನದು ಎನ್ನುವಂತಿತ್ತು.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಸ್ಫೂರ್ತಿ ಎಂಬ ಯುವ ಅಧಿಕಾರಿ ಇದ್ದರು. ಹಾಲಸ್ವಾಮಿ ಪಂಜರದ ಜೊತೆ ಬಾವಮೈದ ಕೊಟ್ಟುಹೋಗಿದ್ದ ಕಾಗದಪತ್ರವನ್ನೂ ಮೇಜಿನ ಮೇಲಿಟ್ಟು, "ತಗೊಳ್ಳಿ ಮೇಡಂ, ಹಿಡ್ಕೊಂಬಿಡಿ," ಎಂದರು.

"ಅಯ್ಯೋ, ನಾವ್ಯಾಕೆ ಹಿಡೀಬೇಕು ಸರ್? ನೀವಾಗೇ ಬಂದು ತಿಳಿಸಿದೀರ. ಇದು ಎಲ್ಲಿಂದ ಬಂತು, ಯಾರ ಹತ್ರ ಇದೆ ಅಂತ ಗೊತ್ತಾದ್ರೆ ಕಳ್ಳಸಾಗಣೆ ತಡೀಬಹುದು, ಅದಕ್ಕೇ ಈ ನೋಂದಣಿ. ನಿಮ್ಮ ಬಾವಮೈದನ ಕಾಗದಪತ್ರ ಸರಿಯಾಗಿದೆ. ನಿಮ್ಮ ಹೆಸರಲ್ಲಿ ಅರ್ಜಿ ಹಾಕ್ಸಿಕೊಡ್ತೀನಿ."

"ಕಾಡಿಗೆ ಬಿಟ್ರೆ?"

"ಬಿಡೋ ಹಾಗಿಲ್ಲ. ಇದು ನಮ್ಮ ಕಾಡಿನ ಹಕ್ಕಿ ಅಲ್ವಲ್ಲ."

"ಸಕ್ರೆಬೈಲಿಗಾದ್ರೂ ಕಳಿಸಿ ಮೇಡಂ."

"ಅಲ್ಲಿರೋದು ಆನೆ ಸರ್." ಸ್ಫೂರ್ತಿ ನಕ್ಕರು. "ಚೆನ್ನಾಗಿ ನೋಡ್ಕೊಳ್ಳಿ, ನಿಮ್ಮ ಮೊಮ್ಮಕ್ಕಳ ಮದುವೆವರೆಗೂ ಇರತ್ತೆ."

ಹಾಲಸ್ವಾಮಿ ಹೊರಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದರು. "ಹಿಡ್ಕೊಳ್ಳಲ್ಲವಂತೆ ಮೇಷ್ಟ್ರೇ. ನಾವೇ ಸಾಕ್ಬೇಕಂತೆ." ಮೇಷ್ಟ್ರು, "ಅಯ್ಯೋ ದೇವ್ರೇ!" ಎಂದು ಫೋನ್ ಇಟ್ಟುಬಿಟ್ಟರು.

ಸಂಜೆ ಮನೆಗೆ ಬಂದರೆ ಮೇಷ್ಟ್ರು ಜಗುಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದರು. ಪಕ್ಕದಲ್ಲಿ ಇನ್ನೊಂದು ಪಂಜರ, ಅದರಲ್ಲಿ ಅದೇ ಜಾತಿಯ ಇನ್ನೊಂದು ಬೂದು ಗಿಣಿ.

"ನನ್ನ ತಮ್ಮ ಬಿಟ್ಟುಹೋಗಿದ್ದು ಹಾಲಸ್ವಾಮಿ," ಎಂದು ಮೇಷ್ಟ್ರು ತಲೆ ತಗ್ಗಿಸಿದರು. "ಹಿಂದಿನ ಕೋಣೇಲಿ ಬಚ್ಚಿಟ್ಟಿದ್ದೆ. ಹಿಡೀತಾರೋ ಇಲ್ವೋ ತಿಳ್ಕೊಳ್ಳೋಣ ಅಂತಾನೇ ಮೊದ್ಲು ನಿಮ್ಮನ್ನ ಕಳಿಸಿದ್ದು. ಹಿಡ್ಕೊಂಡಿದ್ರೆ ನಾಳೆನೇ ಕೊಟ್ಟುಬರ್ತಿದ್ದೆ. ನಮ್ಮನೆಯವಳು ಕೈಮುಗಿದಾಳೆ, ಇನ್ನು ಒಂದಿನಾನೂ ಬೇಡ ಅಂತ."

"ಇದನ್ನೂ ನಾವೇ ಇಟ್ಕೊಳ್ತೀವಿ ಅಂತ ನಾನು ಹೂಂ ಅಂದ್ಬಿಟ್ಟೆ ಕಣ್ರೀ," ಎಂದರು ಒಳಗಿನಿಂದ ನಿಜವಾದ ಉಮಾಮಹೇಶ್ವರಿ. "ನಮ್ಮದಕ್ಕೂ ಜೊತೆ ಆಗತ್ತೆ. ನೋಂದಣಿ ಹೇಗೆ ಮಾಡ್ಸೋದು ಅಂತ ನಿಮಗೆ ಹೇಗೂ ಗೊತ್ತಾಯ್ತಲ್ಲ, ನಾಳೆ ಇನ್ನೊಂದು ಸಲ ಹೋಗಿಬನ್ನಿ."

ಮೇಷ್ಟ್ರು ವರ್ಷಗಳ ಹೊರೆ ಇಳಿಸಿದವರಂತೆ ಹಗುರಾಗಿ ಗೇಟು ದಾಟಿದರು. ಹಾಲಸ್ವಾಮಿ ಕುರ್ಚಿಗೆ ಒರಗಿ ಮೆಲ್ಲಗೆ ಕಣ್ಣು ಮುಚ್ಚಿದರು. ಹೊಸ ಗಿಣಿ ಮೇಷ್ಟ್ರ ದನಿಯಲ್ಲಿ ಗಂಟಲು ಸರಿಮಾಡಿಕೊಂಡು, "ಎಲ್ಲಾರೂ ಎದ್ದು ನಿಂತ್ಕೊಳ್ಳಿ! ಹದಿಮೂರರ ಮಗ್ಗಿ ಹೇಳಿ!" ಎಂದಿತು.

ಹಾಲಸ್ವಾಮಿ ಎದ್ದು ನಿಂತರು.