ನಾರ್ಬರ್ಟನ ಬೋನಸ್ಸು, ಲಾಯ್ಡನ ದೋಣಿ

ಬೋನಸ್ಸು ಐದು ಸಾವಿರ ಡಾಲರು ಎಂದು ಬಾಸ್ ಬಾಯಿಬಿಟ್ಟ ದಿನವೇ ನಾರ್ಬರ್ಟ್ ಕ್ಲಿಂಗ್ ಪಕ್ಕದ ಮನೆಯ ಲಾಯ್ಡನ ಮೀನು ಹಿಡಿಯುವ ದೋಣಿಗೆ ನಾಲ್ಕು ಸಾವಿರದ ಮಾತು ಕೊಟ್ಟುಬಿಟ್ಟ. ಎಡವಟ್ಟಾದದ್ದು ಅಲ್ಲೇ.

"ಶುಕ್ರವಾರ ಪೂರ್ತಿ ದುಡ್ಡು ಯಾರು ಮೊದಲು ತರ್ತಾರೋ ಅವರಿಗೆ ದೋಣಿ," ಎಂದಿದ್ದ ಲಾಯ್ಡ್. ನಾರ್ಬರ್ಟನ ಹೆಂಡತಿ ವೆರ್ನಾಳದ್ದು ಇನ್ನೊಂದು ಷರತ್ತು. "ಬೋನಸ್ಸಲ್ಲಿ ಏನಾದ್ರೂ ತಗೋ. ಮನೆ ದುಡ್ಡು ಮುಟ್ಟಿದ್ರೆ ಆ ದೋಣಿಯಲ್ಲೇ ಮಲಗ್ಬೇಕಾಗುತ್ತೆ."

ಶುಕ್ರವಾರ ಬೆಳಿಗ್ಗೆ ತಾನು ಕೆಲಸ ಮಾಡುವ ಸ್ಯಾಂಡಸ್ಕಿ ಊರಿನ ಸೋಫಾ ಅಂಗಡಿಯಲ್ಲಿ ಚೆಕ್ಕಿನ ಲಕೋಟೆ ಒಡೆದ ನಾರ್ಬರ್ಟನ ಮುಖ ಗಾಳಿ ಹೋದ ಬಲೂನಿನಂತಾಯಿತು. ಮೂರು ಸಾವಿರದ ಮುನ್ನೂರ ಎಂಬತ್ತು!

"ತೆರಿಗೆ ಹಿಡಿದಿದ್ದಾರೆ ಮಾರಾಯ," ಎಂದ ಪಕ್ಕದ ಕೌಂಟರಿನ ರಸ್ಟಿ. ಕೇಳದವರಿಗೂ ಸಲಹೆ ಕೊಡುವ ಧಾರಾಳಿ ಅವನು. "ತೆರಿಗೆ ಫಾರಮ್ಮಲ್ಲಿ ಎಂಟು ಮಕ್ಕಳು ಅಂತ ಬರಿ. ಹಿಡಿದದ್ದೆಲ್ಲ ಬಿಡ್ತಾರೆ."

ನಾರ್ಬರ್ಟ್ ಬರೆದೇಬಿಟ್ಟ. ಸಂಬಳದ ಲೆಕ್ಕ ನೋಡುವ ಆರ್ಡಿತ್ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಎಂಟು ಮಕ್ಕಳಾ? ಮೊನ್ನೆವರೆಗೂ ನಿಮ್ಮನೇಲಿ ಇದ್ದದ್ದು ಒಂದು ಬೆಕ್ಕು ಮಾತ್ರ."

"ಅದು... ಈಚೆಗೆ..."

"ಎಂಟಲ್ಲ, ಎಂಬತ್ತು ಹೆತ್ತರೂ ಅಷ್ಟೇ ಕಣಪ್ಪಾ. ನಿನ್ನ ಸಂಬಳಕ್ಕೆ ಆ ಫಾರಮ್ಮು. ಬೋನಸ್ಸು, ಕಮಿಷನ್ನು ಬೇರೆಯಾಗಿ ಕೊಟ್ಟಾಗ ನೂರಕ್ಕೆ ಇಪ್ಪತ್ತೆರಡು ಮೊದಲು ಹಿಡೀತೀವಿ. ರಾಜ್ಯದ್ದು, ಮುಪ್ಪಿನ ಪಿಂಚಣಿದು ಬೇರೆ. ಹಿಡಿದದ್ದು ಅಂದ್ರೆ ನುಂಗಿದ್ದು ಅಲ್ಲ. ಮುಂದಿನ ವರ್ಷ ಲೆಕ್ಕ ಒಪ್ಪಿಸ್ತೀಯಲ್ಲ, ಜಾಸ್ತಿ ಹಿಡಿದಿದ್ರೆ ವಾಪಸ್ ಬರುತ್ತೆ."

"ಮುಂದಿನ ವರ್ಷದವರೆಗೆ ದೋಣಿ ಕಾಯುತ್ತಾ ಮೇಡಂ?"

"ಯಾವ ದೋಣಿ?"

ಅಷ್ಟೇ ಸಾಕಾಯಿತು. ಹದಿನೇಳು ವರ್ಷ ಸೋಫಾ ಮಾರಿದ ನಾಲಿಗೆ ಸಡಿಲಗೊಂಡಿತು. ಹದಿನೆಂಟಡಿ ಉದ್ದ, ಬೆಣ್ಣೆಯಂಥ ಇಂಜಿನ್ನು, ಆಳದ ಮೀನು ತೋರಿಸುವ ಯಂತ್ರ, ಕೂತರೆ ಏಳಲು ಮನಸ್ಸಾಗದ ಸೀಟು. ಇಂಥದ್ದಕ್ಕೆ ಬರೀ ನಾಲ್ಕು ಸಾವಿರ! ಮನ ಕರಗಲೆಂದು ಲಾಯ್ಡನ ಮನೆ ವಿಳಾಸವನ್ನೂ ಸೇರಿಸಿ ಹೇಳಿದ. ಮೇಡಂ ಗಲ್ಲಕ್ಕೆ ಕೈಯಿಟ್ಟು ಕೇಳಿದರು. "ಅಯ್ಯೋ ಪಾಪ," ಎಂದರು. ಕಾಸು ಮಾತ್ರ ಬಿಡಲಿಲ್ಲ.

ಹೊರಗೆ ಬಂದರೆ ರಸ್ಟಿ ಮೈಕ್ ಹಿಡಿದಿದ್ದ. "ಗಿರಾಕಿಗಳೇ, ನಮ್ಮ ನಾರ್ಬರ್ಟ್‌ಗೆ ಎಂಟು ಮಕ್ಕಳಾಗಿವೆ!" ಅಂಗಡಿ ತುಂಬ ಚಪ್ಪಾಳೆ. ಒಬ್ಬ ಅಜ್ಜಿ ಅವನನ್ನು ತಬ್ಬಿ ಅತ್ತೇಬಿಟ್ಟಳು. ಇನ್ನೊಬ್ಬಾತ ಸೋಫಾ ಕೊಳ್ಳುವುದನ್ನೇ ಮರೆತು, ಎಂಟರ ತಾಯಿ ಹೇಗಿದ್ದಾಳೆ ಎಂದು ವಿಚಾರಿಸಿದ. ಅಷ್ಟರಲ್ಲಿ ಆ ಸುದ್ದಿ ವೆರ್ನಾಳಿಗೂ ಮುಟ್ಟಿ, ಅವಳು ಫೋನಿನಲ್ಲಿ ಕೇಳಿದಳು: "ಯಾರಿಗೆ ಹುಟ್ಟಿದ್ದು?" ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ನಾಲ್ಕೂವರೆ.

ಮಿಕ್ಕದ್ದಕ್ಕೆ ವಾಯಿದೆ ಕೇಳೋಣವೆಂದು ನಾರ್ಬರ್ಟ್ ಲಾಯ್ಡನ ಅಂಗಳಕ್ಕೆ ಓಡಿದ. ದೋಣಿ ಆಗಲೇ ಒಂದು ಟ್ರಕ್ಕಿನ ಹಿಂದೆ ಕಟ್ಟಿಸಿಕೊಂಡು ನಿಂತಿತ್ತು. ಸ್ಟೀರಿಂಗ್ ಹಿಡಿದು ಕೂತಿದ್ದವರು ಆರ್ಡಿತ್ ಮೇಡಂ!

"ನಾನು ಹೇಳಲಿಲ್ವಾ, ಹಿಡಿದದ್ದು ವಾಪಸ್ ಬರುತ್ತೆ ಅಂತ?" ಎಂದು ಅವರು ಕೈ ಬೀಸಿದರು. "ಹೋದ ವರ್ಷ ನನ್ನದು ಜಾಸ್ತಿ ಹಿಡಿದಿದ್ದು ಮೊನ್ನೆ ಬಂತು. ಅದನ್ನ ಏನು ಮಾಡೋದು ಅಂತಿದ್ದೆ, ನೀನು ಎಷ್ಟು ಚೆನ್ನಾಗಿ ಹೇಳಿದೆ!"

ದೋಣಿ ತಿರುವಿನಲ್ಲಿ ಮರೆಯಾಯಿತು. ಲಾಯ್ಡ್ ನಾರ್ಬರ್ಟನ ಬೆನ್ನು ತಟ್ಟಿದ.

"ನಿನ್ನಿಂದ ವ್ಯಾಪಾರ ಆಯ್ತು ಕಣಯ್ಯಾ. ನಾನು ಋಣ ಇಟ್ಕೊಳ್ಳೋನಲ್ಲ. ತಗೋ, ನಿನ್ನ ನೂರು ಡಾಲರ್ ಕಮಿಷನ್ನು."

ನಾರ್ಬರ್ಟ್ ಎಣಿಸಿದ. ಎಪ್ಪತ್ತೆಂಟಿತ್ತು.

"ಮಿಕ್ಕಿದ್ದು?"

"ಹಿಡ್ಕೊಂಡಿದ್ದೀನಿ," ಎಂದ ಲಾಯ್ಡ್ ಗಂಭೀರವಾಗಿ. "ಮೇಡಂ ಹೇಳಿಕೊಟ್ಟು ಹೋದ್ರು."